ಗಾಜಿಗಿಟ್ಟ ಬೊಟ್ಟು

ಯುಗಾದಿ ಬಂತೆಂದರೆ ಊರಿನ ಮನೆಮನೆಯಲ್ಲೂ ಬೆಳಕಿಂಡಿಯ ಗಾಜು ಇಳಿಸಿ, ಅದರ ಮೇಲೆ ಬಿಸಿಲನ್ನು ಕರೆಂಟ್ ಮಾಡುವ ಹೊಸ ಬಿಸಿಲುಪೊರೆ ಬೆಳೆಸುತ್ತಾರೆ. ವರ್ಷವಿಡೀ ದೀಪ, ಫ್ಯಾನು ನಡೆಯುವುದು ಅದರಿಂದಲೇ. ಅವ್ವ ತೀರಿಕೊಂಡ ಮೇಲೆ ದಾನಮ್ಮನಿಗೆ ಇದೇ ಮೊದಲ ಸಲ. ಗಾಜನ್ನು ಬೂದಿ ಹಾಕಿ ತಿಕ್ಕಿ, ಸಣ್ಣ ಉರಿಯ ಮೇಲಿಟ್ಟು, ಗಾಳಿ ತಾಗದಂತೆ ಬಾಗಿಲು ಹಾಕಿದಳು.

"ಎಲ್ಲೂ ಜಿಡ್ಡಿಲ್ಲಲ್ಲ?" ಅಣ್ಣ ಮಲಕಾಜಪ್ಪ ಥೇಟ್ ಅಪ್ಪನಂತೆ ಕೇಳಿದ.

"ಇಲ್ಲ ಬಿಡಣ್ಣ."

ಅವ್ವ ಕುಂಕುಮ ಹಚ್ಚದೆ ಯಾವ ಕೆಲಸವನ್ನೂ ಶುರು ಮಾಡಿದವಳಲ್ಲ. ಆರಿ ಪೊರೆಯಾಗುವ ರಸವನ್ನು ಹೊಯ್ಯುವ ಮುಂಚೆ ಗಾಜಿಗೂ ಒಂದು ಬೊಟ್ಟು ಇಡುತ್ತಿದ್ದಳು. ಆ ಜಾಗದಲ್ಲಿ ಪೊರೆ ಹಿಡಿಯುತ್ತಲೇ ಇರಲಿಲ್ಲ. ಅಪ್ಪ ಬೈಯುತ್ತಿದ್ದ. ಪೊರೆ ಬಿಸಿಲನ್ನೆಲ್ಲ ಕುಡಿದು ಮಬ್ಬಾದ ನಡುಮನೆಗೆ ಆ ತೂತಿನಿಂದ ಬಿಸಿಲಿನದೊಂದು ಬಿಲ್ಲೆ ಬೀಳುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿಯಲು ಅಣ್ಣ ತಂಗಿ ದಿನವೂ ಜಗಳಾಡುತ್ತಿದ್ದರು. ಅದು ಬೀಸುವ ಕಲ್ಲಿನ ಹತ್ತಿರ ಬಂದಾಗ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು.

ದಾನಮ್ಮ ರಸದ ಪಾತ್ರೆ ಎತ್ತಿದಳು.

"ತಡಿ," ಎಂದ ಮಲಕಾಜಪ್ಪ. ದೇವರ ಜಗಲಿಯಿಂದ ಕುಂಕುಮದ ಭರಣಿ ತಂದು ಅವಳ ಮುಂದೆ ಹಿಡಿದ.

"ಕರೆಂಟ್ ಕಮ್ಮಿ ಆಕ್ಕೈತಿ, ಅಣ್ಣ."

"ಆಗಲಿ. ಆದ್ರ ಈ ಸಲ ಬಿಸಿಲ ಬಿಲ್ಲೆ ಮದಲ ನಾ ಹಿಡೀತೀನಿ."