ಊರ ಹೆಸರಿನ ಪರೀಕ್ಷೆ

ಸ್ಫೋಟದ ಸದ್ದಿಗೆ ಕಿಟಕಿಯ ಗಾಜು ಒಡೆದು ಮಹಾನಂದಾಳ ಲ್ಯಾಪ್‌ಟಾಪಿನ ಪಕ್ಕ ಬಿತ್ತು. ಫಿನ್‌ಲ್ಯಾಂಡಿನ ನರ್ಸ್ ಕೆಲಸಕ್ಕೆ ಅವಳ ಫಿನ್ನಿಶ್ ಭಾಷಾ ಪರೀಕ್ಷೆ ಆನ್‌ಲೈನಿನಲ್ಲಿ ನಡೆಯುತ್ತಿತ್ತು. ಹೊರಗೆ ಡೊಂಬಿವಲಿ ಎಂಐಡಿಸಿಯ ಫ್ಯಾಕ್ಟರಿಗಳ ಕಡೆ ಕರಿ ಹೊಗೆ ಏಳುತ್ತಿತ್ತು. ಅಪ್ಪ ಮಾಪಣ್ಣ ಅಲ್ಲೇ ಡ್ಯೂಟಿಯಲ್ಲಿದ್ದ.

"ನಿಲ್ಲಸಬ್ಯಾಡ, ಹೇಳ!" ಅವ್ವ ಸಾಬವ್ವ ಮೊಬೈಲನ್ನು ಎದೆಗೊತ್ತಿಕೊಂಡು ಗದರಿದಳು. "ಊರಿನ ಹೆಸರಿಗೆ ಬಾಲ ಹಚ್ಚೂದು ತಿಂಗಳಾನುಗಟ್ಟಲೆ ಉರು ಹೊಡದೀಯಲ್ಲ! ನಿಮ್ಮಪ್ಪ ಮಿಸ್‌ಕಾಲ್ ಕೊಡ್ತಾನ." ಫ್ಯಾಕ್ಟರಿಯಲ್ಲಿ ಏನೇ ಆದರೂ ಅವನು ಗೇಟಿನಾಚೆ ಬಂದು ಒಂದೇ ರಿಂಗು ಕೊಟ್ಟು ಕಟ್ ಮಾಡುತ್ತಿದ್ದ. ಬದುಕಿದ್ದೇನೆ ಅಂತ ಅದರ ಅರ್ಥ.

ಪರದೆಯ ಮೇಲಿನ ಮೇಡಂ ರೊವಾನಿಯೆಮಿ ಊರಿನ ಬಗ್ಗೆ ಕೇಳಿದಳು. ಮಹಾನಂದಾ ಫಿನ್ನಿಶ್‌ನಲ್ಲೇ ಹೇಳತೊಡಗಿದಳು: "ನಿಯೆಮಿ ಅಂದರೆ ನೀರಿಗೆ ಚಾಚಿದ ನೆಲ. ಅದಕ್ಕೇ ಆ ಊರಿನ ಒಳಗೆ ಅನ್ನುವುದಿಲ್ಲ, ಹೆಸರಿಗೆ ಲ್ಲ್ಯಾ ಹಚ್ಚಿ ಮೇಲೆ ಅನ್ನುತ್ತಾರೆ, ರೊವಾನಿಯೆಮೆಲ್ಲ್ಯಾ. ಹೆಲ್ಸಿಂಕಿಗಾದರೆ ಒಳಗೆ..."

ಮೊಬೈಲು ಬಡಿದುಕೊಂಡಿತು. ಅಪ್ಪನದೇ ನಂಬರು. ಅವ್ವನ ಮುಖ ಅರಳಿತು. ಒಂದು ರಿಂಗಾಯಿತು, ಎರಡಾಯಿತು, ಮೂರಾಯಿತು. ಅದು ನಿಲ್ಲಲಿಲ್ಲ. ಮೇಡಂ ಏನೋ ಕೇಳುತ್ತಿದ್ದಳು. ಮಹಾನಂದಾ ಪರದೆ ಬಿಟ್ಟು ಮೊಬೈಲಿನತ್ತ ತಿರುಗಿದಳು. ಇಷ್ಟೊತ್ತು ಗದರುತ್ತಿದ್ದ ಅವ್ವ ಮೊಬೈಲನ್ನು ಮಗಳ ಕಡೆ ಚಾಚಿ, "ನೀನ ಎತ್ತ ಯವ್ವಾ," ಅಂದಳು.