ಕುಂಕುಮದ ಭರಣಿ

ಅಜ್ಜಿಯ ತಿಥಿ ಮುಗಿಸಿ ತೊಳೆದ ಜಮಖಾನ ಹರವುವಾಗ, ಆ ಒದ್ದೆ ವಾಸನೆಗೆ ಒಂದು ಮಧ್ಯಾಹ್ನ ನೆನಪಾಯಿತು.

ಬಿಟಿಎಂ ಲೇಔಟಿನ ನಮ್ಮ ಮನೆಗೆ ಕೆರೆ ನೀರು ನುಗ್ಗಿ, ನಮ್ಮನ್ನೆಲ್ಲ ಶಾಲೆಯೊಂದರಲ್ಲಿ ಇರಿಸಿದ್ದರು. ಅಜ್ಜಿ ಎರಡು ದಿನದಿಂದ ಮಾತಾಡಿರಲಿಲ್ಲ. “ಒಂದು ತುತ್ತಾದ್ರೂ ತಿನ್ನಿ ಅತ್ತೆ” ಎಂದು ಅಮ್ಮ ಬೇಡಿ ಸೋತಿದ್ದಳು.

ವಯಸ್ಸಾದವರನ್ನು ಮಾತಾಡಿಸಲೆಂದೇ ಬಂದಿದ್ದ ಯುವತಿಯೊಬ್ಬರು ಅಜ್ಜಿಯ ಚಾಪೆಯಲ್ಲಿ ಬಹಳ ಹೊತ್ತು ಕೂತು, ಕೊನೆಗೆ “ಬರ್ತೀನಿ ಅಜ್ಜಿ” ಎಂದು ಎದ್ದರು.

“ನಿಲ್ಲಮ್ಮ, ಕುಂಕುಮ ಇಟ್ಕೊಂಡು ಹೋಗು,” ಅಂದರು ಅಜ್ಜಿ.

ಅವರ ಕೈ ಪಕ್ಕದ ಬರೀ ನೆಲವನ್ನು ತಡವಿತು. ಕುಂಕುಮದ ಭರಣಿ ಮನೆಯ ಕೆಸರಿನಲ್ಲಿತ್ತು. ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು.

ಯುವತಿ ಮತ್ತೆ ಕೂತರು. “ಮನೇಲಿ ಎಲ್ಲಿಡ್ತಿದ್ರಿ ಅಜ್ಜಿ?”

“ದೇವರ ಗೂಡಲ್ಲಿ, ಎಡಗಡೆ…” ಅಜ್ಜಿ ಹೇಳತೊಡಗಿದರು.