ಎಲ್ಲರೂ ಒತ್ತಿದರೆ ಮಾತ್ರ

ಕೆಂಪು ದೀಪ ಬಿದ್ದಕೂಡಲೇ ಎಲ್ಲ ಗಾಡಿಗಳ ಹಾಗೆ ಪೊಲೀಸ್ ಜೀಪಿನ ಎಂಜಿನ್ನೂ ತಾನಾಗಿ ಬಂದ್ ಆಯಿತು. ಹವಾಲ್ದಾರ ಮುದಕಪ್ಪ ಸೈರನ್ ಹಾಕಿದ. ಅಂದರೆ, ದಾರಿ ಕೊಡಿ ಎಂದು ಬೇಡಿದ. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ತಮ್ಮ ಗಾಡಿಯ ಬಿಳಿ ಗುಂಡಿ ಒತ್ತಿದರಷ್ಟೇ ಜೀಪು ಮತ್ತೆ ಚಾಲೂ ಆಗುವುದು.

ಎಲ್ಲರೂ ಒತ್ತಿದರು. ಆಟೋದ ದ್ಯಾಮಣ್ಣನೊಬ್ಬ ಕೈಕಟ್ಟಿ ಕೂತ.

ಮುದಕಪ್ಪ ಇಳಿದು ಓಡಿದ. "ಒತ್ತೋ ಯಪ್ಪಾ! ಹೆಣ್ಣಮಗಳೊಬ್ಬಾಕಿ ಮನ್ಯಾಗ ಸಿಕ್ಕೊಂಡಾಳ. ಗಂಡ ಕೊಡ್ಲಿ ಹಿಡಕೊಂಡು ಬಾಗಲಾಗ ನಿಂತಾನ."

"ಹ್ವಾದ ವಾರಾನೂ ಹಿಂಗ ಒದರಿದ್ರಿ, ಸಾಹೇಬ್ರ. ನಾನ ಮೊದಲು ಒತ್ತಿದೆ. ಮುಂದ ಹೋಗಿ ನೋಡಿದ್ರ ನಿಮ್ಮ ಜೀಪು ಮಿರ್ಚಿ ಅಂಗಡಿ ಮುಂದ ನಿಂತಿತ್ತು."

"ಇವತ್ತ ಖರೇನ ಐತಿ. ನಿನ್ನ ಕಾಲಿಗೆ ಬೀಳ್ತೀನಿ, ಇಲ್ಲೆ ಆಕೀ ದನಿ ಕೇಳು." ಮುದಕಪ್ಪ ಫೋನನ್ನು ಅವನ ಕಿವಿಗೆ ಹಿಡಿದ.

"ಬಾಗಲಾ ಒಡ್ಯಾಕತ್ತಾನ್ರಿ ಅಣ್ಣಾರ, ಲಗೂ ಬರ್ರಿ," ಎಂದು ಹೆಂಗಸು ಅಳುತ್ತಿದ್ದಳು.

ದ್ಯಾಮಣ್ಣ ತುಸು ಯೋಚಿಸಿದ. "ಇಂಥಾವು ರೆಕಾರ್ಡ್ ಮಾಡಿ ಇಟ್ಕೊಂಡಿರ್ತೀರಿ ಅಂತ ಕೇಳೇನಿ."

ಫೋನಿನಲ್ಲಿ ಕಟ್ಟಿಗೆ ಮುರಿದ ಸದ್ದಾಯಿತು. ಅಳು ನಿಂತಿತು. ಆಮೇಲೆ ಗಂಡಸೊಬ್ಬ ಏದುಸಿರು ಬಿಡುತ್ತ ಕೇಳಿದ: "ಯಾಂವಲೇ ಅಂವಾ, ಫೋನಿನ್ಯಾಗ?"

ದ್ಯಾಮಣ್ಣನ ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು. ಒತ್ತಿದ, ಮತ್ತೆ ಒತ್ತಿದ. ಜೀಪು ಮೊದಲನೇ ಸಲಕ್ಕೇ ಚಾಲೂ ಆಗಿ, ಮುದಕಪ್ಪನನ್ನು ಹೊತ್ತು ಕೂಗುತ್ತ ಹೊರಟುಹೋಗಿತ್ತು. ದ್ಯಾಮಣ್ಣ ಒತ್ತುತ್ತಲೇ ಇದ್ದ.